ಪಾಳಿ ಬದಲಾಗುವ ಹೊತ್ತು

ಕೊರಟಗೆರೆ ಸೀಮೆಯ ಹೊಳವನಹಳ್ಳಿಯಂಥ ಊರುಗಳಲ್ಲಿ ಎರಡು ಮೂರು ತಲೆಮಾರಿನ ಹಿಂದೆ ಬಸುರಿಗೆ ಬೇನೆ ಬಂತೆಂದರೆ ಕರೆ ಹೋಗುತ್ತಿದ್ದುದು ಸೂಲಗಿತ್ತಿಯ ಮನೆಗೆ. ಆಕೆ ಒಳಗೆ ಕಾಲಿಟ್ಟಳೆಂದರೆ ಮಗು ಹುಟ್ಟಿ, ಮಾಸು ಬಿದ್ದು, ಬಾಣಂತಿಯನ್ನು ಬೆಚ್ಚಗೆ ಮಲಗಿಸುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. ಅದೇ ತುಮಕೂರು ಜಿಲ್ಲೆಯಲ್ಲಿ, ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹೀಗೆ ಸುಮಾರು 15,000 ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಹಳೆಯದನ್ನೆಲ್ಲ ಹೊಗಳುವುದು ಈ ಲೇಖನದ ಉದ್ದೇಶವಲ್ಲ. ರಕ್ತ ಹರಿದರೆ, ನಂಜೇರಿದರೆ ಆ ಒಂಟಿ ಕೈ ಸೋಲುತ್ತಿತ್ತು. ಎಷ್ಟೋ ತಾಯಂದಿರು ಹಾಗೆ ಹೋದರು. ಆದರೆ ಒಂದು ಅಪಾಯ ಮಾತ್ರ ಅಲ್ಲಿ ಇರಲಿಲ್ಲ. ಬೇನೆ ಯಾವಾಗ ಶುರುವಾಯಿತು, ಏನು ಕುಡಿಸಿದ್ದಾಯಿತು ಎಂಬುದನ್ನು ಇನ್ನೊಬ್ಬರಿಗೆ ಒಪ್ಪಿಸುವ ಪ್ರಮೇಯವೇ ಬರುತ್ತಿರಲಿಲ್ಲ. ನೋಡಿದವಳೂ ಮಾಡುವವಳೂ ಒಬ್ಬಳೇ.

ಆಸ್ಪತ್ರೆ ಬಂದಮೇಲೆ ಒಂದು ಕೈ ಹತ್ತು ಕೈಯಾಯಿತು. ಬೆಂಗಳೂರಿನಲ್ಲಿ 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಸೇಂಟ್ ಮಾರ್ಥಾಸ್ ಆಸ್ಪತ್ರೆ ಆರಂಭವಾಯಿತು. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ತೆರೆದರು. ಮೊದಲಿಗಿದ್ದುದು 140 ಹಾಸಿಗೆ. 1935ರಲ್ಲಿ ಪಕ್ಕದಲ್ಲೇ ವಾಣಿವಿಲಾಸ ಆಸ್ಪತ್ರೆ ಎದ್ದಿತು. ರೋಗಿಗಳು ಹೆಚ್ಚಿದಷ್ಟು ವೇಗದಲ್ಲಿ ದಾದಿಯರು ಹೆಚ್ಚಲಿಲ್ಲ. ಇಡೀ ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಕೊಟ್ಟ ಲೆಕ್ಕದಂತೆ 43,000 ಜನಕ್ಕೆ ಒಬ್ಬ ನರ್ಸು.

ದಾದಿಗೂ ನಿದ್ದೆ ಬೇಕು, ಮನೆಯಿದೆ. ಆದ್ದರಿಂದ ಪಾಳಿ ಬಂತು: ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು. ಐದು ದಿನ ಮಲಗಿದ ರೋಗಿ ಹದಿನೈದು ಸಲ ಕೈ ಬದಲಾಗುತ್ತಾನೆ. ಹೊಳವನಹಳ್ಳಿಯ ಕಡೆಯವನಾದರೆ ಕೊರಟಗೆರೆ, ತುಮಕೂರು, ಬೆಂಗಳೂರು ಎಂದು ಊರೂರು ದಾಟುವಾಗಿನ ಬದಲಾವಣೆಯೂ ಇದಕ್ಕೆ ಸೇರುತ್ತದೆ.

ಈ ಸಂಧಿಕಾಲದ ಅಪಾಯವನ್ನು ಮೊದಲೇ ಕಂಡವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಿಂದ ಹಿಂದಿರುಗಿ, 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟರು. ತಾನಿದ್ದಾಗ ಚೆನ್ನಾಗಿ ನೋಡಿಕೊಂಡರೆ ಸಾಲದು, ತಾನಿಲ್ಲದಾಗಲೂ ಅದೇ ಕೆಲಸ ನಡೆಯುವಂತೆ ಏರ್ಪಡಿಸಬೇಕು. ಇದಿಲ್ಲದಿದ್ದರೆ ಉಳಿದ ಶುಶ್ರೂಷೆಯೆಲ್ಲ ನೀರಿನಲ್ಲಿ ಹೋಮ ಎಂಬುದು ಅವರ ವಾದದ ಸಾರ.

ನಮ್ಮ ಕಛೇರಿಗಳಲ್ಲಿ ಚಾರ್ಜು ಒಪ್ಪಿಸುವುದನ್ನು ಓದುಗರು ಬಲ್ಲರು. ಬೀಗದ ಕೈ, ರಿಜಿಸ್ಟರು, ನಗದು ಎಲ್ಲ ಎಣಿಸಿ ರುಜು ಹಾಕುತ್ತಾರೆ. ವಾರ್ಡಿನಲ್ಲೂ ಥರ್ಮಾಮೀಟರು, ಹಾಸಿಗೆಯ ದುಪ್ಪಟಿಗಳನ್ನು ಹಾಗೆಯೇ ಎಣಿಸಿ ಒಪ್ಪಿಸುವ ರೂಢಿಯುಂಟು. ಜೀವವನ್ನು ಒಪ್ಪಿಸುವಾಗ ಮೇಜಿನ ಬಳಿ ನಿಂತು ಆಡಿದ ನಾಲ್ಕು ಮಾತು ಸಾಕೇ? ಸಂಜೆಯ ಇಂಜೆಕ್ಷನ್ ಕೊಟ್ಟಾಗಿರುತ್ತದೆ. ಬರೆದಿಡುವಷ್ಟರಲ್ಲಿ ಪಕ್ಕದ ಮಂಚದಿಂದ ಕೂಗು. ರಾತ್ರಿಪಾಳಿಯವಳು ಪುಸ್ತಕ ನೋಡಿ ಮತ್ತೊಮ್ಮೆ ಚುಚ್ಚಬಹುದು. ಇಬ್ಬರೂ ಮಂಚದ ಬಳಿಯೇ ನಿಂತು ಮಾತಾಡಿದರೆ ಗ್ಲೂಕೋಸ್ ಬಾಟ್ಲಿ ಎಷ್ಟು ಇಳಿದಿದೆ, ಕಟ್ಟಿದ ಬಟ್ಟೆ ಒದ್ದೆಯಾಗಿದೆಯೇ ಎಂಬುದನ್ನು ನಾಲ್ಕು ಕಣ್ಣು ನೋಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, 'ಈಗ ತಾನೇ ಚುಚ್ಚಿದರಲ್ಲಮ್ಮ' ಎನ್ನಲು ರೋಗಿಯೇ ಅಲ್ಲಿರುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಒಂಬತ್ತು ಸುರಕ್ಷತಾ ಸೂತ್ರಗಳಲ್ಲಿ ರೋಗಿಯನ್ನು ಒಪ್ಪಿಸುವಾಗಿನ ಮಾತುಕತೆಯೂ ಒಂದು. ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಿರಿಯ ವೈದ್ಯರಿಗೆ ಈ ಒಪ್ಪಿಸುವಿಕೆಯನ್ನು ಕ್ರಮವಾಗಿ ಕಲಿಸಿದಾಗ ತಪ್ಪುಗಳು ಶೇಕಡಾ 23ರಷ್ಟು ಇಳಿದುವೆಂದು 2014ರಲ್ಲಿ ವರದಿಯಾಯಿತು. ಅದಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ.

ಆಕ್ಷೇಪಗಳಿಲ್ಲದೆ ಇಲ್ಲ. ಸಾಲುಮಂಚಗಳ ಸಾಮಾನ್ಯ ವಾರ್ಡಿನಲ್ಲಿ ಒಬ್ಬನ ಕ್ಷಯ, ಒಬ್ಬಳ ಗರ್ಭಪಾತ ಇತರರ ಕಿವಿಗೆ ಬೀಳಬಾರದು. ಅಂಥದನ್ನು ಮರೆಯಲ್ಲಿ ಹೇಳಿ, ಉಳಿದುದನ್ನು ಮಂಚದ ಬಳಿ ಹೇಳಬಹುದು. ದಾದಿಯರ ಕೊರತೆ ಇದಕ್ಕಿಂತ ದೊಡ್ಡದು: ಒಬ್ಬಳೇ ವಾರ್ಡನ್ನೆಲ್ಲ ನೋಡುವಲ್ಲಿ ಪ್ರತಿ ಮಂಚದ ಬಳಿ ನಿಲ್ಲಲು ಹೊತ್ತೆಲ್ಲಿ? ಈ ಮಾತನ್ನು ಸರ್ಕಾರ ಕೇಳಬೇಕು. ದಾದಿಯನ್ನು ದೂರಿ ಫಲವಿಲ್ಲ.

ನಮ್ಮ ನಾಡಿಗೇ ಸೇರಿದ ಇನ್ನೊಂದು ತೊಡಕು ಭಾಷೆಯದು. ಶುಶ್ರೂಷೆಯ ಪಾಠ ಇಂಗ್ಲಿಷಿನಲ್ಲಿ, ಕೇಸ್ ಷೀಟು ಇಂಗ್ಲಿಷಿನಲ್ಲಿ. ಕನ್ನಡ ಬಾರದ ಹೊರನಾಡಿನ ದಾದಿಯರೂ ಬೆಂಗಳೂರಿನಲ್ಲಿ ಬಹಳ ಮಂದಿ. ಅವರ ಸೇವೆಗೆ ನಾವು ಋಣಿಗಳು. ಆದರೆ ಕೊರಟಗೆರೆಯ ರೈತನ ತಲೆಯ ಮೇಲೆ ಅವನ ಕಥೆ ಅವನಿಗೆ ತಿಳಿಯದ ನುಡಿಯಲ್ಲಿ ಹಾದುಹೋದರೆ ಅವನು ತಪ್ಪನ್ನು ತಿದ್ದುವುದು ಹೇಗೆ? ಹೆಸರು, ಕೊಟ್ಟ ಔಷಧ, ಕೊಡಬೇಕಾದ ಔಷಧ, ಒಗ್ಗದ ಔಷಧ ಇಷ್ಟನ್ನಾದರೂ ಅವನ ನುಡಿಯಲ್ಲಿ ಹೇಳಿ, 'ಸರಿಯೇನಪ್ಪ?' ಎಂದು ಕೇಳುವುದು ಮರ್ಯಾದೆಯ ಮಾತಷ್ಟೇ ಆಗಿರದೆ ಚಿಕಿತ್ಸೆಯ ಭಾಗವೂ ಹೌದು.

ನಂಟರ ಮಂಚದ ಬಳಿ ಕೂರುವ ಸರದಿ ನಮಗೆಲ್ಲ ಬರುತ್ತದೆ. ಪಾಳಿ ಬದಲಾಗುವ ಆ ಕಾಲು ಗಂಟೆ ಕಾಫಿಗೆಂದು ಎದ್ದುಹೋಗದೆ ಅಲ್ಲಿಯೇ ಇದ್ದು, ಮಾತನ್ನು ಕಿವಿಗೊಟ್ಟು ಕೇಳಿ, ಸಂದೇಹ ಬಂದರೆ ವಿನಯದಿಂದ ವಿಚಾರಿಸುವುದು ನಮ್ಮ ಕೈಲಾಗುವ ಕೆಲಸ.