ಎಪ್ಪತ್ತೇಳು ದಿನಗಳು

ಹಳೆಯ ವಿದ್ಯಾರ್ಥಿಯೊಬ್ಬನು ಮೊನ್ನೆ ದೂರವಾಣಿಯಲ್ಲಿ, "ಸಾರ್, ಬೆಂಗಳೂರಿನ ದೊಡ್ಡ ಕಾರ್ಖಾನೆಗಳೆಲ್ಲ ಒಮ್ಮೆ ಎರಡೂವರೆ ತಿಂಗಳು ನಿಂತೇಹೋಗಿದ್ದುವಂತೆ, ಹೌದೆ?" ಎಂದು ಕೇಳಿದನು. ಹೌದು. ಆಗ ನಾನು ಪದವಿ ತರಗತಿಯಲ್ಲಿದ್ದೆ. ನಮ್ಮ ತಂದೆಯವರು ಅವುಗಳಲ್ಲೊಂದರಲ್ಲಿ ಟರ್ನರ್.

ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಈ ಐದೂ ಕೇಂದ್ರ ಸರ್ಕಾರದ ಉದ್ದಿಮೆಗಳು. 1940ರಲ್ಲಿ ಖಾಸಗಿಯಾಗಿ ಹುಟ್ಟಿದ ಎಚ್.ಎ.ಎಲ್. ಎಲ್ಲಕ್ಕೂ ಹಿರಿದು, ಬಿ.ಇ.ಎಂ.ಎಲ್. 1964ರದು. ಬೇರೆ ಬೇರೆ ಸಂಘಗಳಿದ್ದ ಇವುಗಳ ಕಾರ್ಮಿಕರು ಜಂಟಿ ವೇದಿಕೆಯೊಂದರಲ್ಲಿ ಒಂದಾದರು. ಬೇಡಿಕೆ ಸರಳವಾದುದು: ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ. ಆ ಸಂಸ್ಥೆಯ ಘಟಕಗಳು ಬೆಂಗಳೂರಿನಲ್ಲಿಯೇ ಇದ್ದುವು. ಒಂದೇ ಊರು, ಒಂದೇ ಬಗೆಯ ಯಂತ್ರ, ಒಡೆಯನೂ ಒಬ್ಬನೇ. ಆದರೂ ಸಂಬಳ ಬೇರೆ. ಇದನ್ನು ಯಾವ ಕೂಲಿಕಾರನಾದರೂ ಸಹಿಸುವನೆ?

1980ರ ಡಿಸೆಂಬರ್ 26ರಂದು ಮುಷ್ಕರ ಆರಂಭವಾಯಿತು. ಮೊದಲ ವಾರ ಬಡಾವಣೆಯಲ್ಲಿ ಜಾತ್ರೆಯ ಉತ್ಸಾಹ. ಗೇಟಿನ ಮುಂದೆ ಭಾಷಣ, ಘೋಷಣೆ. ಸಂಕ್ರಾಂತಿಯ ಹೊತ್ತಿಗೆ ಅಮ್ಮ ಎಳ್ಳು ಬೀರುವ ಮನೆಗಳನ್ನು ಬೆರಳೆಣಿಕೆಗೆ ಇಳಿಸಿದ್ದರು. ಫೆಬ್ರುವರಿಯಲ್ಲಿ ಅವರ ಎರಡು ಬಳೆಗಳು ಮಾರ್ವಾಡಿ ಅಂಗಡಿಗೆ ಹೋದುವು. ಖಾಸಗಿ ಮಾಲೀಕನಿಗೆ ಉತ್ಪಾದನೆ ನಿಂತರೆ ಗಂಟು ಕರಗುತ್ತದೆ. ಇಲ್ಲಿ ಮಾಲೀಕ ದೆಹಲಿಯ ಸರ್ಕಾರ. ನಷ್ಟವನ್ನು ಬೊಕ್ಕಸ ನುಂಗಿಕೊಳ್ಳುತ್ತದೆ, ಕಾಯುವ ಶಕ್ತಿ ಅದಕ್ಕೇ ಹೆಚ್ಚು. ನಾಯಕರು ಈ ಲೆಕ್ಕವನ್ನು ಸರಿಯಾಗಿ ಹಾಕಲಿಲ್ಲವೆಂದೇ ನನ್ನ ಅನಿಸಿಕೆ.

ಇನ್ನೊಂದು ಲೆಕ್ಕವೂ ತಪ್ಪಿತು. ಈ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ವರ್ಕ್‌ಶಾಪುಗಳು ನಗರದ ತುಂಬ ಇದ್ದುವು. ನಮ್ಮ ಪಕ್ಕದ ಮನೆಯವರು ಅಂಥದೊಂದರಲ್ಲಿ ಲೇತ್ ನಡೆಸುತ್ತಿದ್ದರು. ತಂದೆಯವರದೇ ಕೆಲಸ, ಅರ್ಧಕ್ಕೂ ಕಡಿಮೆ ಕೂಲಿ. ಆರ್ಡರು ನಿಂತಿತು, ಅವರ ಕೂಲಿಯೂ ನಿಂತಿತು. ಒಂದು ಸಂಜೆ ಜಗುಲಿಯಲ್ಲಿ ಕುಳಿತು, "ಅಣ್ಣಾ, ನೀವು ಸಮಾನ ಸಂಬಳ ಕೇಳ್ತಿರೋದು ನ್ಯಾಯವೇ. ನಿಮ್ಮ ಸಭೆಯಲ್ಲಿ ನಮ್ಮ ಮಾತು ಯಾರಾದ್ರೂ ಎತ್ತಿದ್ರಾ?" ಎಂದರು. ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಇಲ್ಲಪ್ಪ" ಎಂದರು.

ಎಪ್ಪತ್ತೇಳು ದಿನಗಳ ಬಳಿಕ, 1981ರ ಮಾರ್ಚಿಯಲ್ಲಿ, ಕೇಳಿದ ಸಮಾನತೆ ಸಿಗದೆಯೇ ಮುಷ್ಕರ ಮುಗಿಯಿತು. ಹೀಗಿದ್ದರೂ ಐದು ಕಾರ್ಖಾನೆಗಳ ಜನ ಅಷ್ಟು ದಿನ ಒಡೆಯದೆ ನಿಂತರಲ್ಲ, ಅದನ್ನು ಸೋಲೆಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಅಮ್ಮನ ಬಳೆಗಳನ್ನು ತಂದೆಯವರು ಮರುವರ್ಷ ಬಿಡಿಸಿಕೊಂಡು ಬಂದರು. ಪಕ್ಕದ ಮನೆಯವರು ಅಷ್ಟರಲ್ಲಿ ಊರು ಸೇರಿದ್ದರು. ಅವರ ವರ್ಕ್‌ಶಾಪು ಮತ್ತೆ ತೆರೆಯಲಿಲ್ಲ.