ಕಲೀಲ-ದಿಮ್ನ, ಕಿತಾಬುಲ್ ಹಿಂದ್ ಮತ್ತು ನಮ್ಮ ಮನೆಯ ಕಪಾಟು

ಪವಿತ್ರ ಕುರ್‌ಆನಿನ ಪ್ರಥಮ ದಿವ್ಯವಾಣಿಯು ಓದಿನ ಆಜ್ಞೆಯೊಂದಿಗೆ ಅವತೀರ್ಣವಾಯಿತು. ಆ ಆಜ್ಞೆಯನ್ನು ಶಿರಸಾವಹಿಸಿದ ಪೂರ್ವಿಕ ವಿದ್ವಾಂಸರು ಧರ್ಮಗ್ರಂಥಗಳೊಂದಿಗೆ ಕಥೆ, ಚರಿತ್ರೆ, ಗಣಿತ, ವೈದ್ಯವನ್ನೂ ಓದಿದರು. ಇದಕ್ಕೆ ಕನ್ನಡ ನಾಡಿಗೂ ನಂಟುಳ್ಳ ಒಂದು ನಿದರ್ಶನವಿದೆ.

ಭಾರತದ ಪಂಚತಂತ್ರವು 6ನೆಯ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಯನ್ನು ಸೇರಿತು. 8ನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅದನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬಿಗೆ ತಂದರು. ಅರಬಿಯಿಂದ ಅದು ಗ್ರೀಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಿಗೂ ಹರಡಿತು.

ಸುಮಾರು 1030ರಲ್ಲಿ ಅಲ್‌ಬೀರೂನಿಯವರು ಘಜ್ನಿಯಲ್ಲಿ ‘ಕಿತಾಬುಲ್ ಹಿಂದ್’ ರಚಿಸಿದರು. ಸಂಸ್ಕೃತ ಕಲಿತು, ಪಂಡಿತರನ್ನು ವಿಚಾರಿಸಿ ಬರೆದ ಚರಿತ್ರೆಯದು. ಅದರಲ್ಲೇ ಅವರು ಪಂಚತಂತ್ರವನ್ನು ತಾವೇ ಅನುವಾದಿಸುವ ಆಸೆಯನ್ನು ತೋಡಿಕೊಂಡಿದ್ದಾರೆ. ಇಬ್ನುಲ್ ಮುಕಫ್ಫಾ ತಮ್ಮ ಅನುವಾದದಲ್ಲಿ ಒಂದು ಅಧ್ಯಾಯವನ್ನು ಸ್ವತಃ ಸೇರಿಸಿದ್ದಾರೆಂಬುದು ಅವರ ಆಕ್ಷೇಪ. ಅದೇ ಕಾಲಕ್ಕೆ, 1031ರಲ್ಲಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡದಲ್ಲಿ ರಚಿಸಿದನು.

ಮಾತನಾಡುವ ನರಿಗಳ ಕಥೆಯನ್ನು ಅಲ್‌ಬೀರೂನಿ ತುಚ್ಛವೆನ್ನಲಿಲ್ಲ. ಅದನ್ನು ಚರಿತ್ರೆಯೆಂದೂ ನಂಬಲಿಲ್ಲ. ಎರಡನ್ನೂ ಓದಿದವನಿಗೆ ಮಾತ್ರ ಈ ವಿವೇಕ ಸಾಧ್ಯ. ಸುಳ್ಳುಸುದ್ದಿ ಇತಿಹಾಸದ ವೇಷ ತೊಟ್ಟು ನೆರೆಹೊರೆಯವರಲ್ಲಿ ಒಡಕು ತರುವ ಈ ದಿನಗಳಲ್ಲಿ ನಮ್ಮ ಮಕ್ಕಳಿಗೆ ಅಗತ್ಯವಾದದ್ದೂ ಇದೇ.

ಬಳ್ಳಾರಿ ಜಿಲ್ಲೆಯ ಮಕ್ಕಳಿಗೆ ಚರಿತ್ರೆ ದೂರದ ವಸ್ತುವಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಕುರುಗೋಡಿನಲ್ಲಿ ಸಿಂದ ಅರಸರ ಕಾಲದ ಶಾಸನಗಳಿವೆ. ಇವುಗಳನ್ನು ತೋರಿಸುವುದರೊಂದಿಗೆ, ಮನೆಯ ಕಪಾಟಿನಲ್ಲಿ ಕುರ್‌ಆನ್ ಅನುವಾದ ಮತ್ತು ಪ್ರವಾದಿ(ಸ)ಯವರ ಚರಿತ್ರೆಯ ಜೊತೆಗೆ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’, ಬೊಳುವಾರು ಮಹಮದ್ ಕುಂಞಿಯವರ ಕಥೆಗಳು, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಗೂ ಸ್ಥಳವಿರಲಿ. ತಲಾಕ್‌ನ ನಿಯಮಗಳನ್ನು ಧರ್ಮಶಾಸ್ತ್ರದ ಗ್ರಂಥ ತಿಳಿಸುತ್ತದೆ. ಅದರ ದುರುಪಯೋಗದಿಂದ ಒಬ್ಬ ಹೆಣ್ಣುಮಗಳು ಅನುಭವಿಸುವ ಯಾತನೆಯನ್ನು ನಾದಿರಾಳ ಕಥೆ ಮನಗಾಣಿಸುತ್ತದೆ.

ಕೊಳ್ಳುವ ಶಕ್ತಿ ಇಲ್ಲದವರಿಗೆ ಸಾರ್ವಜನಿಕ ಗ್ರಂಥಾಲಯವಿದೆ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಲ್ಲಿರುವ ಗ್ರಂಥಗಳು ನಮ್ಮವೂ ಹೌದು. ಮಕ್ಕಳ ಕೈಹಿಡಿದು ಅಲ್ಲಿಗೆ ಕರೆದೊಯ್ಯುವ ಹೊಣೆ ತಂದೆ-ತಾಯಿಯರದು. ಪ್ರಯೋಜನಕಾರಿ ಜ್ಞಾನವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.