ಪ್ಯಾರಾಚೂಟ್ ಕಾರ್ಖಾನೆಯ ‘ಶೇ. 99.9’ ಕಥೆ ನಿಜವೇ? ಜಿಗಿಯುವವರನ್ನು ಕಾಪಾಡುವುದು ಹೆದರಿಕೆಯೋ, ನಿಯಮವೋ?

ಈ ಕಥೆ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಎರಡನೇ ಮಹಾಯುದ್ಧದ ಕಾಲ. ಒಂದು ಕಾರ್ಖಾನೆ ಸೈನ್ಯಕ್ಕೆ ಪ್ಯಾರಾಚೂಟ್ ಹೊಲಿದು ಕೊಡುತ್ತಿತ್ತು. ಸಾವಿರಕ್ಕೆ 999 ಸರಿಯಾಗಿ ಬಿಚ್ಚಿಕೊಳ್ಳುತ್ತಿದ್ದವು, ಒಂದು ಕೈಕೊಡುತ್ತಿತ್ತು. ‘ಇದಕ್ಕಿಂತ ಹೆಚ್ಚು ಯಾರ ಕೈಲೂ ಆಗಲ್ಲ’ ಎಂದರು ಮಾಲೀಕರು. ಸೇನಾಧಿಕಾರಿ ವಾದಕ್ಕೆ ಇಳಿಯಲಿಲ್ಲ. ‘ಇನ್ನು ಮೇಲೆ ಪ್ರತಿ ಸಲ ಮಾಲು ಬಂದಾಗ ಅದರಲ್ಲಿ ಒಂದನ್ನು ನಾನು ಆರಿಸುತ್ತೇನೆ. ಅದನ್ನು ಕಟ್ಟಿಕೊಂಡು ನೀವೇ ವಿಮಾನದಿಂದ ಜಿಗಿಯಬೇಕು’ ಎಂದ. ಅಷ್ಟೇ, ಗುಣಮಟ್ಟ ನೂರಕ್ಕೆ ನೂರು ಆಯಿತು!

ಆಫೀಸಿನ ಗ್ರೂಪುಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಈ ಕಥೆಗೆ ತುಂಬಾ ಬೇಡಿಕೆ. ಆದರೆ ಇದು ನಡೆದದ್ದೇ? ಪ್ಯಾರಾಚೂಟ್ ಸುರಕ್ಷಿತವಾಗಿರುವುದು ಹೀಗೆ ಹೆದರಿಸಿದ್ದರಿಂದಲೇ?

ಚಿಕ್ಕ ಉತ್ತರ: ಕಥೆಗೆ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಕಲಿಸುವ ಪಾಠವೇ ತಪ್ಪು. ಮುಖ್ಯ ಪ್ಯಾರಾಚೂಟ್ ಇವತ್ತಿಗೂ ನೂರಕ್ಕೆ ನೂರು ಅಲ್ಲ. ಅದು ಕೈಕೊಟ್ಟೇ ಕೊಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ನಿಯಮಗಳು ಜನರನ್ನು ಉಳಿಸುತ್ತಿವೆ.

ಕಥೆಯಲ್ಲಿ ಎಷ್ಟು ನಿಜ?

ಫಾರ್ವರ್ಡ್ ಅನ್ನು ಇನ್ನೊಮ್ಮೆ ಓದಿ. ಕಾರ್ಖಾನೆಯ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ, ಅಧಿಕಾರಿ ಯಾರೆಂದಿಲ್ಲ. ಒಂದರಲ್ಲಿ ಶೇ. 95 ಎಂದಿದ್ದರೆ ಇನ್ನೊಂದರಲ್ಲಿ ಶೇ. 99.9 ಎಂದಿರುತ್ತದೆ. ನೀತಿಕಥೆಗಳ ಲಕ್ಷಣವೇ ಇದು.

ಇದರ ಹತ್ತಿರದ ನಿಜವೊಂದು ಇದೆ. 1920ರ ದಶಕದಲ್ಲಿ ಅಮೆರಿಕದ ನೌಕಾಪಡೆ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಪ್ಯಾರಾಚೂಟ್ ಮಡಚುವವರಿಗಾಗಿ ಶಾಲೆ ತೆರೆಯಿತು. ಅಲ್ಲಿ ಕಲಿತವರು ತಾವೇ ಮಡಚಿದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಬೇಕಿತ್ತು. ಅದು ಕಲಿಕೆಯ ಭಾಗವಾಗಿತ್ತೇ ಹೊರತು ಕಾರ್ಖಾನೆ ಮಾಲೀಕರಿಗೆ ಕೊಟ್ಟ ಶಿಕ್ಷೆಯಲ್ಲ.

ಇನ್ನು ಲೆಕ್ಕಕ್ಕೆ ಬನ್ನಿ. ಸಾವಿರಕ್ಕೊಂದು ಕೆಟ್ಟದ್ದಿದೆ ಎಂದುಕೊಳ್ಳಿ. ಮಾಲೀಕರು ಒಂದಲ್ಲ, ನೂರು ಸಲ ಜಿಗಿದರೂ ಏನೂ ಆಗದೆ ಇಳಿಯುವ ಸಾಧ್ಯತೆ ಸುಮಾರು ಶೇ. 90! ಅಂದರೆ ಈ ಪರೀಕ್ಷೆಯಿಂದ ದೋಷ ಸಿಕ್ಕಿಬೀಳುವುದೇ ಕಷ್ಟ. ಹೆದರಿಕೆ ಎಚ್ಚರ ಹುಟ್ಟಿಸಬಹುದು, ಹೊಲಿಗೆಯ ತಪ್ಪನ್ನು ಹುಡುಕಿ ಕೊಡುವುದಿಲ್ಲ.

ಹಾಗಾದರೆ ಸಾವಿರಕ್ಕೊಂದು ಕೈಕೊಟ್ಟಾಗ ಏನಾಗುತ್ತದೆ?

ಸ್ಕೈಡೈವಿಂಗ್‌ನಲ್ಲಿ ಮುಖ್ಯ ಪ್ಯಾರಾಚೂಟ್ ಸುಮಾರು ಸಾವಿರ ಜಿಗಿತಕ್ಕೊಮ್ಮೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಈ ಕ್ರೀಡೆಯಲ್ಲಿ ಎಲ್ಲರೂ ಒಪ್ಪುವ ಅಂದಾಜು. ಕಥೆಯಲ್ಲಿ ಅಧಿಕಾರಿಗೆ ಸಿಟ್ಟು ತರಿಸಿದ ಅದೇ ಶೇ. 99.9!

ಆದರೂ ಅಮೆರಿಕದ ಪ್ಯಾರಾಚೂಟ್ ಸಂಘದ ಪ್ರಕಾರ 2023ರಲ್ಲಿ ಅಲ್ಲಿ ನಡೆದ ಸುಮಾರು 36.5 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಮಂದಿ. ಸಾವಿರಕ್ಕೊಬ್ಬರಂತೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸಾಯಬೇಕಿತ್ತು. ಅವರನ್ನು ಉಳಿಸಿದ್ದು ಎರಡನೇ ಪ್ಯಾರಾಚೂಟ್.

ಇದು ಹೊಸ ವಿಚಾರವೇನಲ್ಲ. ಎರಡನೇ ಮಹಾಯುದ್ಧದಲ್ಲೇ ಅಮೆರಿಕದ ಪ್ಯಾರಾ ಸೈನಿಕರು ಎದೆಯ ಮೇಲೆ ಇನ್ನೊಂದು ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುತ್ತಿದ್ದರು. ಅದೇ ಯುದ್ಧದಲ್ಲಿ ಬ್ರಿಟಿಷ್ ಪ್ಯಾರಾ ಸೈನಿಕರಿಗೆ ಆ ಭಾಗ್ಯ ಇರಲಿಲ್ಲ. ಅವರಿಗಿದ್ದದ್ದು ಒಂದೇ.

ಬೆನ್ನ ಮೇಲಿನ ಚೀಲದಲ್ಲಿ ಏನೇನಿರುತ್ತದೆ?

ಇಂದಿನ ಸ್ಕೈಡೈವರ್ ಎರಡೂ ಪ್ಯಾರಾಚೂಟ್‌ಗಳನ್ನು ಬೆನ್ನ ಮೇಲೇ ಹೊರುತ್ತಾರೆ. ಮೇಲಿನ ಅರೆಯಲ್ಲಿ ರಿಸರ್ವ್, ಕೆಳಗಿನ ಅರೆಯಲ್ಲಿ ಮುಖ್ಯ ಪ್ಯಾರಾಚೂಟ್.

• ಪೈಲಟ್ ಚೂಟ್: ಕೈಯಿಂದ ಗಾಳಿಗೆ ಎಸೆಯುವ ಪುಟ್ಟ ಪ್ಯಾರಾಚೂಟ್. ಇದು ಗಾಳಿ ಹಿಡಿದು ಮುಖ್ಯ ಪ್ಯಾರಾಚೂಟನ್ನು ಚೀಲದಿಂದ ಎಳೆದು ತರುತ್ತದೆ.

• ಸ್ಲೈಡರ್: ಹಗ್ಗಗಳ ನಡುವೆ ಜಾರುವ ಚೌಕಾಕಾರದ ಬಟ್ಟೆ. ಪ್ಯಾರಾಚೂಟ್ ಒಮ್ಮೆಲೇ ಬಿಚ್ಚಿಕೊಂಡರೆ ಮೈಮುರಿಯುವಂಥ ಹೊಡೆತ ಬೀಳುತ್ತದೆ. ಸ್ಲೈಡರ್ ಅದನ್ನು ನಿಧಾನ ಮಾಡುತ್ತದೆ.

• ಮೂರು ಉಂಗುರದ ಬಿಡುಗಡೆ: ಅಮೆರಿಕದ ಬಿಲ್ ಬೂತ್ 1970ರ ದಶಕದಲ್ಲಿ ರೂಪಿಸಿದ್ದು. ಒಂದರೊಳಗೊಂದು ತೂರಿದ ಮೂರು ಲೋಹದ ಉಂಗುರಗಳು ಭಾರವನ್ನು ಹಂತಹಂತವಾಗಿ ಕಡಿಮೆ ಮಾಡುತ್ತವೆ. ಇಡೀ ದೇಹದ ಭಾರ ಜಗ್ಗುತ್ತಿದ್ದರೂ ಒಂದು ಹಿಡಿ ಎಳೆದರೆ ಸಾಕು, ಕೆಟ್ಟ ಪ್ಯಾರಾಚೂಟ್ ಕಳಚಿಕೊಂಡು ಹಾರಿಹೋಗುತ್ತದೆ. ಇದು ಮುಖ್ಯ, ಏಕೆಂದರೆ ಸಿಕ್ಕುಬಿದ್ದ ಪ್ಯಾರಾಚೂಟ್ ಮೇಲೆಯೇ ಇದ್ದರೆ ರಿಸರ್ವ್ ಅದಕ್ಕೆ ಸುತ್ತಿಕೊಳ್ಳಬಹುದು.

• ಸ್ವಯಂಚಾಲಿತ ಸಾಧನ: ಜಿಗಿದವರು ಪ್ರಜ್ಞೆ ತಪ್ಪಿದರೆ ಅಥವಾ ಎತ್ತರದ ಅಂದಾಜು ತಪ್ಪಿದರೆ ಕೊನೆಯ ಆಸರೆ ಇದು. 1991ರಲ್ಲಿ ಜರ್ಮನಿಯಿಂದ ಬಂದ ‘ಸೈಪ್ರೆಸ್’ ಪ್ರಸಿದ್ಧವಾದದ್ದು. ಅನುಭವಿಗಳು ಬಳಸುವ ಮಾದರಿ ಗಾಳಿಯ ಒತ್ತಡ ಅಳೆಯುತ್ತಾ, ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲೂ ವ್ಯಕ್ತಿ ಸೆಕೆಂಡಿಗೆ 35 ಮೀಟರ್‌ಗಿಂತ ವೇಗವಾಗಿ ಬೀಳುತ್ತಿದ್ದರೆ ರಿಸರ್ವ್ ಚೀಲದ ಕುಣಿಕೆಯನ್ನು ಕತ್ತರಿಸುತ್ತದೆ. ಪೂರ್ಣ ವೇಗದಲ್ಲಿ ಬೀಳುವವರಿಗೆ ಅಲ್ಲಿಂದ ನೆಲ ಬರೀ ನಾಲ್ಕು ಸೆಕೆಂಡಿನ ದೂರ!

ಮಡಚುವವರು ಯಾರು?

ಮುಖ್ಯ ಪ್ಯಾರಾಚೂಟನ್ನು ಹೆಚ್ಚಿನ ಸ್ಕೈಡೈವರ್‌ಗಳು ತಾವೇ ಮಡಚಿಕೊಳ್ಳುತ್ತಾರೆ. ಕೈ ಪಳಗಿದವರಿಗೆ ಹತ್ತು-ಹದಿನೈದು ನಿಮಿಷದ ಕೆಲಸ. ರಿಸರ್ವ್ ಹಾಗಲ್ಲ. ಅಮೆರಿಕದ ವಿಮಾನಯಾನ ನಿಯಮಗಳು ಈ ವಿಷಯದಲ್ಲಿ ತುಂಬಾ ಸ್ಪಷ್ಟ:

• ಮುಖ್ಯ ಪ್ಯಾರಾಚೂಟನ್ನು ಪರವಾನಗಿ ಪಡೆದ ರಿಗ್ಗರ್, ಅಥವಾ ಮುಂದಿನ ಜಿಗಿತ ಮಾಡುವವರೇ, ಅಥವಾ ರಿಗ್ಗರ್ ಕಣ್ಣೆದುರಲ್ಲಿ ಬೇರೆಯವರು ಮಡಚಬಹುದು.

• ರಿಸರ್ವ್ ಅನ್ನು ಪರವಾನಗಿ ಪಡೆದ ರಿಗ್ಗರ್ ಮಾತ್ರ ಮಡಚಬೇಕು.

• ನೈಲಾನ್‌ನಂಥ ಕೃತಕ ನೂಲಿನ ರಿಸರ್ವ್ ಆದರೆ 180 ದಿನಕ್ಕೊಮ್ಮೆ, ರೇಷ್ಮೆಯಂಥ ನೈಸರ್ಗಿಕ ನೂಲಿನದ್ದಾದರೆ 60 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಬೇಕು. ಒಂದು ಸಲವೂ ಬಳಸದಿದ್ದರೂ ಸರಿ.

ಸೀನಿಯರ್ ರಿಗ್ಗರ್ ಪರವಾನಗಿಗೆ 18 ವರ್ಷ ತುಂಬಿರಬೇಕು, ಮೇಲ್ವಿಚಾರಣೆಯಲ್ಲಿ ಕನಿಷ್ಠ 20 ಪ್ಯಾರಾಚೂಟ್ ಮಡಚಿರಬೇಕು, ಪರೀಕ್ಷೆ ಪಾಸಾಗಬೇಕು. ದೊಡ್ಡ ರಿಪೇರಿಗಳನ್ನು ಅವರೂ ಮುಟ್ಟುವಂತಿಲ್ಲ. ಅದಕ್ಕೆ ಕನಿಷ್ಠ ಮೂರು ವರ್ಷ ಅನುಭವವಿರುವ ಮಾಸ್ಟರ್ ರಿಗ್ಗರ್ ಬೇಕು.

ರಿಸರ್ವ್ ಮಡಚುವ ಮುನ್ನ ಬಟ್ಟೆ, ಹೊಲಿಗೆ, ಹಗ್ಗ, ಲೋಹದ ಭಾಗಗಳನ್ನು ಒಂದೊಂದಾಗಿ ನೋಡುತ್ತಾರೆ. ಕೊನೆಯಲ್ಲಿ ತಮ್ಮ ಉಪಕರಣಗಳನ್ನು ಎಣಿಸುತ್ತಾರೆ, ಯಾವುದೂ ಒಳಗೆ ಉಳಿದಿರಬಾರದು ನೋಡಿ. ಆಪರೇಷನ್ ಮುಗಿದ ಮೇಲೆ ಕತ್ತರಿ, ಹತ್ತಿ ಎಣಿಸುವ ಹಾಗೆ! ಬಳಿಕ ತೆಳುವಾದ ದಾರ ಕಟ್ಟಿ ಅದಕ್ಕೆ ತಮ್ಮದೇ ಗುರುತಿರುವ ಸೀಲ್ ಒತ್ತುತ್ತಾರೆ. ದಿನಾಂಕ ಮತ್ತು ಸಹಿ ಇರುವ ಕಾರ್ಡು ಆ ಚೀಲದ ಜೊತೆಗೇ ಇರುತ್ತದೆ. ಯಾರು ಮಡಚಿದ್ದು ಎಂಬುದಕ್ಕೆ ದಾಖಲೆ ಸಿಕ್ಕಿತು. ಸೀಲ್ ಒಡೆದಿದ್ದರೆ ಯಾರೋ ಮುಟ್ಟಿದ್ದಾರೆ ಎಂದೂ ಗೊತ್ತಾಯಿತು.

ಮಡಚಿಟ್ಟರೆ ಬಟ್ಟೆ ಅಂಟಿಕೊಳ್ಳುತ್ತದೆಯೇ?

180 ದಿನದ ನಿಯಮಕ್ಕೆ ಕಾರಣ ಇದೇ ಎಂದು ಹಲವರು ತಿಳಿದಿದ್ದಾರೆ. ನೈಲಾನ್ ವಿಷಯದಲ್ಲಿ ಇದು ಸರಿಯಲ್ಲ. ಒಣ ಜಾಗದಲ್ಲಿದ್ದರೆ ಮಡಚಿಟ್ಟ ಮಾತ್ರಕ್ಕೆ ನೈಲಾನ್ ಕೆಡುವುದಿಲ್ಲ. ಅದರ ನಿಜವಾದ ಶತ್ರುಗಳು ಬಿಸಿಲು, ಆಮ್ಲ, ಉಜ್ಜಾಟ. ಅಮೆರಿಕದಲ್ಲಿ ಮೊದಲು 120 ದಿನ ಇದ್ದದ್ದನ್ನು 2008ರ ಕೊನೆಯಲ್ಲಿ 180ಕ್ಕೆ ಏರಿಸಿದರು. ಪದೇ ಪದೇ ಬಿಚ್ಚಿ ಮಡಚುವುದರಿಂದಲೂ ಬಟ್ಟೆ ಸವೆಯುತ್ತದಲ್ಲ! ನಿಯತವಾಗಿ ಬಿಚ್ಚುವ ಉದ್ದೇಶ ತಪಾಸಣೆ: ತೇವ, ತುಕ್ಕು, ಸವೆದ ಕುಣಿಕೆ, ಸಡಿಲವಾದ ಹೊಲಿಗೆ ಬೇಗ ಕಣ್ಣಿಗೆ ಬೀಳಲಿ ಎಂದು.

ತಯಾರಿಕೆಗೂ ನಿಯಮ ಇದೆಯೇ?

ಇದೆ, ಮತ್ತು ಇಲ್ಲೊಂದು ಅಚ್ಚರಿ. ಅಮೆರಿಕದಲ್ಲಿ ರಿಸರ್ವ್ ಪ್ಯಾರಾಚೂಟ್‌ಗೂ ಅದನ್ನು ಹೊರುವ ಪಟ್ಟಿ-ಚೀಲಕ್ಕೂ ಸರ್ಕಾರದ ಮಾನ್ಯತೆ ಕಡ್ಡಾಯ. ನಿಗದಿಗಿಂತ ಹೆಚ್ಚಿನ ಭಾರ ಕಟ್ಟಿ, ಹೆಚ್ಚಿನ ವೇಗದಲ್ಲಿ ಬೀಳಿಸಿ, ಹರಿಯುವುದಿಲ್ಲ ಎಂದು ತೋರಿಸಬೇಕು. ರಿಸರ್ವ್ ತೆರೆಯುವ ಹಿಡಿಯನ್ನು ಎಳೆಯಲು 22 ಪೌಂಡ್, ಅಂದರೆ ಸುಮಾರು 10 ಕಿಲೋಗಿಂತ ಹೆಚ್ಚು ಬಲ ಬೇಕಾಗಬಾರದು. ಆದರೆ ಮುಖ್ಯ ಪ್ಯಾರಾಚೂಟ್‌ಗೆ ಈ ಮಾನ್ಯತೆ ಬೇಕೇ ಬೇಕು ಎಂದಿಲ್ಲ! ಮೊದಲನೆಯದು ಕೈಕೊಟ್ಟರೂ ಎರಡನೆಯದು ಕೈಕೊಡಬಾರದು ಎಂಬ ಲೆಕ್ಕಾಚಾರ ಇಲ್ಲೂ ಕಾಣುತ್ತದೆ.

‘ಪ್ಯಾರಾಚೂಟ್ ಬಿಚ್ಚಿದ ಕೂಡಲೇ ಮೇಲಕ್ಕೆ ಹಾರುತ್ತಾರೆ’ ಎಂಬುದು?

ವಿಡಿಯೋಗಳಲ್ಲಿ ಹಾಗೆ ಕಾಣುವುದು ನಿಜ, ಆದರೆ ಅದು ಕಣ್ಣಿನ ಮೋಸ. ಇಬ್ಬರೂ ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಜೊತೆಯಾಗಿ ಬೀಳುತ್ತಿರುತ್ತಾರೆ. ಪ್ಯಾರಾಚೂಟ್ ಬಿಚ್ಚಿದವರ ವೇಗ ತಟ್ಟನೆ ತಗ್ಗುತ್ತದೆ, ಕ್ಯಾಮೆರಾ ಹಿಡಿದವರು ಅದೇ ವೇಗದಲ್ಲಿ ಕೆಳಗೆ ಹೋಗುತ್ತಾರೆ. ಓಡುವ ಬಸ್ಸಿನಿಂದ ನೋಡಿದರೆ ಬ್ರೇಕ್ ಹಾಕಿದ ಬೈಕು ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಹಾಗೆ.

ನಮ್ಮ ದೇಶದಲ್ಲಿ

ಸೇನೆಗೆ ಪ್ಯಾರಾಚೂಟ್ ಹೊಲಿಯುವ ಕಾನ್ಪುರದ ಸರ್ಕಾರಿ ಕಾರ್ಖಾನೆ ಶುರುವಾದದ್ದು 1941ರಲ್ಲಿ. ಆಗ್ರಾದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಪ್ಯಾರಾಚೂಟ್‌ಗಳನ್ನು ವಿನ್ಯಾಸ ಮಾಡುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೊದ ಗಗನಯಾನ ಯೋಜನೆಗೂ ಪ್ಯಾರಾಚೂಟ್ ರೂಪಿಸಿದ್ದು ಇದೇ ಪ್ರಯೋಗಾಲಯ. ಗಗನಯಾನಿಗಳನ್ನು ಇಳಿಸುವ ಕೋಶಕ್ಕೆ ಮೂರು ಮುಖ್ಯ ಪ್ಯಾರಾಚೂಟ್ ಇವೆ. ಕ್ಷೇಮವಾಗಿ ಇಳಿಯಲು ಎರಡು ಸಾಕು! ಒಂದು ಬಿಚ್ಚದೇ ಹೋಗಬಹುದು ಎಂದು ಇಸ್ರೊ ಕೂಡ ಮೊದಲೇ ಲೆಕ್ಕ ಹಾಕಿದೆ.

ನೀವು ಜಿಗಿಯಲು ಹೊರಟಿದ್ದರೆ

ಪ್ರವಾಸಕ್ಕೆ ಹೋದಾಗ ತರಬೇತುದಾರರ ಎದೆಗೆ ಕಟ್ಟಿಕೊಂಡು ಜಿಗಿಯುವ ಟ್ಯಾಂಡಮ್ ಜಿಗಿತ ಮಾಡುವವರು ಈಗ ಬಹಳ ಜನ. ದೇಶದಿಂದ ದೇಶಕ್ಕೆ ನಿಯಮ ಬೇರೆ ಇದ್ದರೂ ಸಹಿ ಹಾಕುವ ಮುನ್ನ ಈ ನಾಲ್ಕು ಪ್ರಶ್ನೆಗಳನ್ನು ಎಲ್ಲಿ ಬೇಕಾದರೂ ಕೇಳಬಹುದು:

1. ರಿಸರ್ವ್ ಕೊನೆಯ ಸಲ ಮಡಚಿದ್ದು ಯಾವಾಗ? ಕಾರ್ಡು ತೋರಿಸುತ್ತೀರಾ?

2. ಸ್ವಯಂಚಾಲಿತ ಸಾಧನ ಇದೆಯೇ? ಆನ್ ಆಗಿದೆಯೇ? (ಅಮೆರಿಕದಲ್ಲಿ ಟ್ಯಾಂಡಮ್‌ಗೆ ಇದು ಕಡ್ಡಾಯ.)

3. ತರಬೇತುದಾರರ ಅನುಭವ ಎಷ್ಟು? (ಅಮೆರಿಕದ ನಿಯಮದಂತೆ ಕನಿಷ್ಠ 3 ವರ್ಷ ಮತ್ತು 500 ಜಿಗಿತ.)

4. ನನ್ನ ತೂಕ ಈ ಸಲಕರಣೆಯ ಮಿತಿಯೊಳಗಿದೆಯೇ?

ಕೇಳಿದರೆ ತಪ್ಪು ತಿಳಿಯುತ್ತಾರೆ ಎಂಬ ಸಂಕೋಚ ಬೇಡ. ಒಳ್ಳೆಯ ಕೇಂದ್ರದವರು ಖುಷಿಯಿಂದ ತೋರಿಸುತ್ತಾರೆ. ‘ಅದೆಲ್ಲ ನಮಗೆ ಬಿಡಿ’ ಎನ್ನುವ ಕಡೆ ಹಣ ಹೋದರೂ ಪರವಾಗಿಲ್ಲ, ವಾಪಸ್ ಬನ್ನಿ.

ಫಾರ್ವರ್ಡ್ ಮಾಡುವ ಮುನ್ನ

ಮಾಲೀಕರನ್ನು ಹೆದರಿಸಿದ ಕಥೆ ಕೇಳಲು ಚೆನ್ನಾಗಿದೆ. ಅದರ ಪ್ರಕಾರ ಮನುಷ್ಯ ಹೆದರಿದರೆ ತಪ್ಪೇ ಮಾಡುವುದಿಲ್ಲ. ಆದರೆ ಹೆದರಿದವರೂ ತಪ್ಪು ಮಾಡುತ್ತಾರೆ, ಪ್ರಾಮಾಣಿಕರೂ ಮಾಡುತ್ತಾರೆ, ತಮ್ಮ ಪ್ಯಾರಾಚೂಟನ್ನು ತಾವೇ ಮಡಚಿಕೊಂಡವರೂ ಮಾಡುತ್ತಾರೆ. ಆ ಒಂದು ತಪ್ಪು ಒಂದು ಜೀವ ತೆಗೆಯದಿರಲಿ ಎಂದೇ ಎರಡನೇ ಪ್ಯಾರಾಚೂಟ್, 180 ದಿನದ ಲೆಕ್ಕ, ಆ ಸಣ್ಣ ಸೀಲ್ ಎಲ್ಲವೂ ಇರುವುದು. ಮುಂದಿನ ಸಲ ಆ ಕಥೆ ಗ್ರೂಪಿಗೆ ಬಂದರೆ ಇಷ್ಟನ್ನು ಸೇರಿಸಿ ಕಳಿಸಿ.